ಏಳು ಗೂಟದ ಬೆಳಕು

ನವೆಂಬರಿನಲ್ಲಿ ಹೆಲ್ವಿಗೆ ಅರವತ್ತೊಂದು ತುಂಬಿತು. ಅದೇ ತಿಂಗಳು ಹೊಸ ಕಾರು ಬಂತು. ಅದೇ ತಿಂಗಳು ಅವಳ ಕಣ್ಣೂ ಮಂದವಾಗತೊಡಗಿತು. ಈ ಮೂರರಲ್ಲಿ ಮೊದಲನೆಯದಕ್ಕೂ ಕೊನೆಯದಕ್ಕೂ ಅವಳು ತಾನೇ ಗಂಟು ಹಾಕಿಕೊಂಡಳು. ನಡುವಿನದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಬಡಗಣ ಹಿಮನಾಡಿನ ಅವಳ ಹಳ್ಳಿ ಕೆಲೊವಾರದಿಂದ ಶಾಲೆಯಿರುವ ಚರ್ಚಿನ ಊರಿಗೆ ಮೂವತ್ತೆಂಟು ಕಿಲೋಮೀಟರು. ಇಪ್ಪತ್ತಾರು ವರ್ಷದಿಂದ ಆ ದಾರಿಯ ಮಕ್ಕಳನ್ನು ಶಾಲೆಗೆ ಕರೆದೊಯ್ಯುವ ಟ್ಯಾಕ್ಸಿ ಅವಳದು. ಮೊದಮೊದಲು ಅವಳ ಕಾರಿನಲ್ಲಿ ಹೋದವರ ಮಕ್ಕಳೇ ಈಗ ಹಿಂದಿನ ಸೀಟಿನಲ್ಲಿ ಕೂತು ತೂಕಡಿಸುತ್ತಿದ್ದರು. ಗಂಡ ಎಸ್ಕೊ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಅವನು ಕಟ್ಟಿಟ್ಟು ಹೋದ ಬೆಚ್ಚನೆಯ ಕಾರುಮನೆ, ಈ ದಾರಿ, ಈ ಕೆಲಸ, ಇಷ್ಟು ಅವಳಿಗಿತ್ತು. ಇಷ್ಟು ಸಾಕೂ ಆಗಿತ್ತು.

ಮೊದಲ ಹಿಮ ಬೀಳುವ ಮುಂಚೆ ರಸ್ತೆಯ ಎರಡೂ ಅಂಚಿಗೆ ಗೂಟ ನೆಡುತ್ತಾರೆ, ಹಿಮ ತಳ್ಳುವ ಗಾಡಿಗೆ ರಸ್ತೆ ಎಲ್ಲಿ ಮುಗಿಯಿತೆಂದು ತಿಳಿಯಲಿ ಎಂದು. ಗೂಟದ ತುದಿಗೆ ಬೆಳಕು ಬಿದ್ದರೆ ಹೊಳೆಯುವ ಪಟ್ಟಿ ಇರುತ್ತದೆ. ಹೆಲ್ವಿಗೆ ಗೂಟ ಎಣಿಸುವ ಅಭ್ಯಾಸ. ದೊಡ್ಡ ದೀಪ ಹಾಕಿದರೆ ಎದುರಿಗೆ ಒಂದೇ ಸಲಕ್ಕೆ ಏಳು ಕಾಣಬೇಕು. ಹಳೆಯ ಡೀಸೆಲ್ ಕಾರಿನಲ್ಲಿ ಏಳು ಕಾಣುತ್ತಿದ್ದವು. ಎಂಥ ಕತ್ತಲೆಯ ಡಿಸೆಂಬರಿನಲ್ಲೂ ಏಳು.

ಈಗ ಮನೆಯಿಂದ ಹೊರಟಾಗ ಏಳು, ಒಮ್ಮೊಮ್ಮೆ ಎಂಟೂ ಕಾಣುತ್ತಿದ್ದವು. ಮರದ ದಿಮ್ಮಿ ಒಟ್ಟುವ ಕೂಡುದಾರಿಗೆ ಬರುವಷ್ಟರಲ್ಲಿ ಐದಾಗುತ್ತಿತ್ತು. ಚರ್ಚಿನ ಊರಿನ ಸೇತುವೆಯ ಹೊತ್ತಿಗೆ ಮೂರು. ದಿನವೂ ಹೀಗೆ. ಒಣ ಚಳಿಯ ದಿನ ಸ್ವಲ್ಪ ವಾಸಿ, ಪುಡಿಹಿಮ ಹಾರುವ ದಿನ ತೀರಾ ಕಡಿಮೆ. ಮುದಿ ಎತ್ತು ಹೊರಡುವಾಗ ಚೆನ್ನಾಗಿ ಎಳೆದು ಏರಿನಲ್ಲಿ ಮುಗ್ಗರಿಸುವ ಹಾಗೆ ಕಣ್ಣೂ ದಾರಿ ಸಾಗಿದಂತೆ ದಣಿಯುತ್ತದೆ ಎಂದು ಅವಳು ತೀರ್ಮಾನಿಸಿದಳು.

ಹಾಗೆ ತೀರ್ಮಾನಿಸಲು ಕಾರಣವಿತ್ತು. ಅವಳ ತಾಯಿ ಲೆಂಪಿಗೆ ಅರವತ್ತೈದಕ್ಕೆ ಕಣ್ಣು ಹೋಗಿತ್ತು. ಕಣ್ಣಿನೊಳಗೆ ಒತ್ತಡ ಏರುವ ಕಾಯಿಲೆ, ರಕ್ತದಲ್ಲಿ ಇಳಿದು ಬರುವಂಥದ್ದು. ಕಡೆಗಾಲದಲ್ಲಿ ಆಕೆ ಕಾಫಿ ಬಗ್ಗಿಸುವಾಗ ಬಟ್ಟಲೊಳಗೆ ತೋರುಬೆರಳು ಇಟ್ಟುಕೊಳ್ಳುತ್ತಿದ್ದಳು. ಬಿಸಿ ಉಗುರಿಗೆ ತಾಗಿದರೆ ಬಟ್ಟಲು ತುಂಬಿತೆಂದು ಅರ್ಥ. ಹೆಲ್ವಿ ಈಚೆಗೆ ಬೆಳಿಗ್ಗೆ ಒಲೆಯ ಮುಂದೆ ನಿಂತು, ಕಣ್ಣು ಮುಚ್ಚಿ, ಬೆರಳಿಟ್ಟು ಕಾಫಿ ಬಗ್ಗಿಸಿ ನೋಡಿದ್ದಳು. ಎರಡು ಸಲ ಸುಟ್ಟುಕೊಂಡಿದ್ದಳು.

ಕಣ್ಣಿನ ಡಾಕ್ಟರ ಹತ್ತಿರ ಹೋದರೆ ಅವರು ಕಾಗದ ಬರೆಯುತ್ತಾರೆ. ಕಾಗದ ಬರೆದರೆ ಟ್ಯಾಕ್ಸಿಯ ಪರವಾನಗಿ ಹೋಗುತ್ತದೆ. ಅವಳು ದಿನ ಗೊತ್ತು ಮಾಡಿಸಿದ್ದಳು, ಎರಡು ಸಲ ಮುಂದಕ್ಕೂ ಹಾಕಿಸಿದ್ದಳು.

ಹೊಸ ಕಾರಿನ ಮೇಲೆ ಅವಳಿಗೆ ಅನುಮಾನವೇ ಹುಟ್ಟಲಿಲ್ಲ. ಮಾರಿದವನು ಚಳಿಗಾಲದ ಕಾರು ಎಂದೇ ಕೊಟ್ಟಿದ್ದ. ಸೀಟು ಬಿಸಿಯಾಗುತ್ತಿತ್ತು. ಸ್ಟೀರಿಂಗು ಬಿಸಿಯಾಗುತ್ತಿತ್ತು. ಮುಂದಿನ ಗಾಜು, ಪಕ್ಕದ ಕನ್ನಡಿ, ನೀರು ಚಿಮ್ಮುವ ಕೊಳವೆಯ ಮೂತಿ ಕೂಡ ಬಿಸಿಯಾಗುತ್ತಿತ್ತು. ದೀಪಗಳೋ, ಹಗಲಿನಂಥ ಬಿಳಿ ಬೆಳಕಿನ ಎಲ್‌ಇಡಿ. ಎದುರು ಬಂದ ಗಾಡಿಯವರು ಕಣ್ಣು ಕುಕ್ಕಿತೆಂದು ದೀಪ ಮಿಟುಕಿಸಿ ಬೈಯುತ್ತಾರೆಂದು ಅವಳು ಹೆದರಿದ್ದಳು. ಯಾರೂ ಮಿಟುಕಿಸಲಿಲ್ಲ. ದೀಪದ ಹದ ಸರಿಯಾಗಿದೆ ಎಂದುಕೊಂಡಳು. ಶಾಲೆಯ ಮುಂದೆ ಅವಳು ಇಳಿಯುತ್ತಿರಲಿಲ್ಲ. ಮಕ್ಕಳು ಇಳಿದ ಮೇಲೆ ಅಲ್ಲಿಂದಲೇ ತಿರುಗಿಸಿ, ಮನೆಗೆ ಬಂದು, ನೇರ ಬೆಚ್ಚನೆಯ ಕಾರುಮನೆಗೆ ನುಗ್ಗಿಸುತ್ತಿದ್ದಳು. ಮಧ್ಯಾಹ್ನ ಮತ್ತೆ ಹೊರಡುವ ಹೊತ್ತಿಗೆ ಕಾರು ತೊಳೆದಿಟ್ಟ ಹಾಗಿರುತ್ತಿತ್ತು. ಮೂತಿಯ ಕೆಳಗೆ ನೆಲ ಒದ್ದೆಯಾಗಿರುತ್ತಿತ್ತು, ಅಷ್ಟೆ.

ಡಿಸೆಂಬರ್ ಎರಡನೆಯ ವಾರ, ಬುಧವಾರ, ಮಕ್ಕಳನ್ನು ಬಿಟ್ಟು ಬರುತ್ತಿದ್ದಳು. ಒಂಬತ್ತೂಕಾಲು ಗಂಟೆ. ಆಕಾಶದ ತೆಂಕಣ ಅಂಚು ನೀಲಿಯಾಗಿತ್ತು, ರಸ್ತೆ ಇನ್ನೂ ಕತ್ತಲೆ. ಮುಂದೆ ಒಂದು ಮರದ ಲಾರಿ ಹೋಗುತ್ತ ಪುಡಿಹಿಮವನ್ನು ಹಿಟ್ಟಿನ ಹಾಗೆ ಎಬ್ಬಿಸುತ್ತಿತ್ತು. ಅದು ಕೂಡುದಾರಿಯಲ್ಲಿ ತಿರುಗಿಕೊಂಡಿತು. ಧೂಳು ಅಡಗಿತು. ಹೆಲ್ವಿ ಗೂಟ ಎಣಿಸಿದಳು. ಎರಡು. ಕಣ್ಣು ಉಜ್ಜಿಕೊಂಡು ಮತ್ತೆ ಎಣಿಸಿದಳು. ಎರಡೇ. ವೇಗ ಇಳಿಸಿದಳು. ಐವತ್ತರ ಕೆಳಗೆ ಬಂದಿದ್ದಳು, ಆಗ ಕಪ್ಪನೆಯ ಏನೋ ಒಂದು ಬಲಗಡೆಯಿಂದ ದೀಪದ ಮುಂದಕ್ಕೆ ಬಂತು. ಬಂದದ್ದು ಕಂಡಿತು, ತಾಗಿದ್ದೂ ಕೇಳಿತು, ಎರಡರ ನಡುವೆ ಬ್ರೇಕು ತುಳಿಯುವಷ್ಟು ಹೊತ್ತು ಇರಲಿಲ್ಲ.

ಅದು ಹಳ್ಳಿಯಲ್ಲಿ ಸಾರಂಗ ಸಾಕುವ ತೌನೊವಿನ ಮುಸಿಕ್ಕಿ. ಕಪ್ಪು ಮೈಯ ಹಿಮಸಾರಂಗ, ಬೀಜ ಒಡೆಸಿ ಪಳಗಿಸಿದ್ದು, ಹಿಂಡಿನ ಮುಂದೆ ಗಂಟೆ ಕಟ್ಟಿಕೊಂಡು ನಡೆಯುವಂಥದ್ದು. ಕೊರಳಲ್ಲಿ ಗಂಟೆಯ ಜೊತೆಗೆ ಅಂಗೈಯಗಲದ ಹೊಳೆಯುವ ಪಟ್ಟಿಯೂ ಇತ್ತು. ಹಿಂಡಿನ ಎಲ್ಲದಕ್ಕೂ ಪಟ್ಟಿ ಕಟ್ಟಲಾಗದು. ಮುಂದಾಳು ಕಂಡರೆ ಸಾಕು, ಹಿಂದಿರುವವು ಕಂಡ ಹಾಗೆಯೇ ಎಂದು ತೌನೊ ಕಟ್ಟಿದ್ದ.

ಹೆಲ್ವಿ ಮಾಡಬೇಕಾದದ್ದನ್ನು ಮಾಡಿದಳು. ತುರ್ತು ಸಂಖ್ಯೆಗೆ ಫೋನು ಮಾಡಿದಳು. ಕೆಂಪು ತ್ರಿಕೋನವನ್ನು ತೆಗೆದುಕೊಂಡು ಕಾರಿನ ಹಿಂದೆ ನೂರು ಹೆಜ್ಜೆ ನಡೆದು ನಿಲ್ಲಿಸಿದಳು. ತಿರುಗಿ ಬರುವಷ್ಟರಲ್ಲಿ ಕಾಡಿನ ಕಡೆಯಿಂದ ತೌನೊವಿನ ಮೋಟಾರು ಜಾರುಬಂಡಿಯ ಸದ್ದು ಕೇಳಿ, ನಿಂತಿತು. ಅವಳು ಹತ್ತಿರ ಬಂದಾಗ ಅವನು ಕಾರಿನ ಮುಂದಿನಿಂದ ನಡೆದು ಬಂದು ಸಾರಂಗದ ಪಕ್ಕ ಮಂಡಿಯೂರಿದ್ದ. ಎಪ್ಪತ್ತಮೂರರ ಮುದುಕ, ಎಸ್ಕೊವಿನ ಜೊತೆ ಮೀನು ಹಿಡಿಯಲು ಹೋಗುತ್ತಿದ್ದವನು. ಕೈಗವಸು ಬಿಚ್ಚಿ ಮುಸಿಕ್ಕಿಯ ಕೊರಳ ಕೆಳಗೆ ಕೈಯಿಟ್ಟು ನೋಡಿದ.

“ಹೋಗಿದೆ,” ಎಂದ.

“ತೌನೊ...”

“ನಿಂಗೇನಾದ್ರೂ ಆಯ್ತೇನೆ?”

“ನಂಗೇನಿಲ್ಲ.”

“ಮಕ್ಕಳು?”

“ಬಿಟ್ಟು ಬರ್ತಿದ್ದೆ.”

“ಸದ್ಯ.” ಅವನು ಪಟ್ಟಿಯನ್ನು ಬೆರಳಿಂದ ತಿರುಗಿಸಿ ನೋಡಿದ. “ಇದು ಹೊಳೀಲಿಲ್ವೇನೆ?”

ಹೆಲ್ವಿ ಕಣ್ಣು ಉಜ್ಜಿಕೊಂಡಳು. ತೌನೊ ಸೊಂಟದ ಚಾಕು ತೆಗೆದು, ಒಡೆಯನ ಗುರುತು ಕತ್ತರಿಸಿದ್ದ ಎರಡು ಕಿವಿಗಳನ್ನೂ ಕೊಯ್ದು ಜೇಬಿಗಿಟ್ಟುಕೊಂಡ. ಪರಿಹಾರದ ಲೆಕ್ಕಕ್ಕೆ ಕಿವಿ ಬೇಕು.

ಮುಕ್ಕಾಲು ಗಂಟೆಯ ಮೇಲೆ ಸಾರಂಗ ಸಾಕುವವರ ಸಂಘದಿಂದ ಪಾಯ್ವಿ ಬಂದಳು. ಇಂಥ ಅಪಘಾತಗಳ ಪತ್ರ ತುಂಬುವುದು ಅವಳ ಕೆಲಸ. ಫೋಟೊ ತೆಗೆದಳು. ಕಾರನ್ನು ಸುತ್ತು ಹಾಕಿ ನೋಡಿದಳು. ಬಲ ಮೂಲೆ ತಗ್ಗಾಗಿತ್ತು. ದೀಪಗಳೆರಡೂ ನಿಚ್ಚಳವಾಗಿ ಉರಿಯುತ್ತಿದ್ದವು.

“ದೀಪ ಸರಿಯಾಗಿದೆ,” ಎಂದು ಹೇಳಿಕೊಳ್ಳುತ್ತ ಬರೆದಳು. “ಪಟ್ಟಿ ಇದೆ. ವೇಗ?”

“ಐವತ್ತರೊಳಗೆ,” ಅಂದಳು ಹೆಲ್ವಿ.

“ಮತ್ತೆ ಹೇಗಾಯ್ತು ಅಂತ ಬರೀಲಿ?”

“ಕಾಣಲಿಲ್ಲ ಅಂತ ಬರಿ.”

ಪಾಯ್ವಿ ಹಾಗೆಯೇ ಬರೆದಳು. ಒಂದೇ ಪದ, ಗೆರೆಯ ನಡುವೆ. ಹೆಲ್ವಿ ಅದರ ಕೆಳಗೆ ಸಹಿ ಮಾಡಿದಳು.

ಆ ಸಂಜೆ ಅವಳು ಪಂಚಾಯಿತಿ ಕಚೇರಿಗೆ ಒಂದು ಪತ್ರ ಬರೆದಳು. ಕ್ರಿಸ್‌ಮಸ್ ರಜೆಯ ನಂತರ ಈ ದಾರಿಗೆ ಬೇರೆ ಯಾರನ್ನಾದರೂ ನೋಡಿಕೊಳ್ಳಬೇಕು, ಕಣ್ಣಿನ ಕಾರಣ, ಇಷ್ಟು. ಡಾಕ್ಟರು ಕಿತ್ತುಕೊಳ್ಳುವುದಕ್ಕಿಂತ ತಾನೇ ಕೊಡುವುದು ಮೇಲು. ಅಂದು ಮಧ್ಯಾಹ್ನದ ಹಾಗೆಯೇ ಮಾರನೆಯ ದಿನವೂ ಮಕ್ಕಳನ್ನು ಅವರವರ ಮನೆಯವರೇ ಒಯ್ಯಬೇಕೆಂದು ಫೋನು ಮಾಡಿದಳು. ಕಾರಿನ ಮೂಲೆ ರಿಪೇರಿ ಎಂದಳು. ಪತ್ರವನ್ನು ಚೀಲದಲ್ಲಿ ಇಟ್ಟುಕೊಂಡಳು. ಗುರುವಾರ ಪಟ್ಟಣದಲ್ಲಿ ಕಣ್ಣಿನ ಡಾಕ್ಟರ ಸರದಿ ಇತ್ತು, ಮೂರನೆಯ ಸಲ ಮುಂದೂಡದೆ ಉಳಿಸಿಕೊಂಡದ್ದು. ಅಂಚೆಗೆ ಅಲ್ಲಿಯೇ ಹಾಕಬಹುದು.

ಆದರೆ ಹೋಗುವುದು ಹೇಗೆ? ಸ್ಟೀರಿಂಗು ಹಿಡಿಯುವ ಧೈರ್ಯವಿರಲಿಲ್ಲ. ನೂರು ಕಿಲೋಮೀಟರಿಗೆ ಬಸ್ಸು ವಾರಕ್ಕೆ ಎರಡೇ. ಕೊನೆಗೆ ತೌನೊವಿಗೇ ಫೋನು ಮಾಡಿದಳು. ಅವನ ಸಾರಂಗ ಕೊಂದು ಇಪ್ಪತ್ತನಾಲ್ಕು ಗಂಟೆ ಆಗಿರಲಿಲ್ಲ.

“ಏಳಕ್ಕೆ ಬರ್ತೀನಿ,” ಎಂದ ಅವನು. “ರೊಟ್ಟಿ ಏನಾದ್ರೂ ಕಟ್ಟಿಟ್ಕೊ. ಪಟ್ಟಣದ್ದು ನಂಗೆ ಸೇರಲ್ಲ.”

ತೌನೊವಿನ ಪಿಕಪ್ಪಿಗೆ ಮೂವತ್ತು ವರ್ಷ. ಸೀಟು ಬಿಸಿಯಾಗುತ್ತಿರಲಿಲ್ಲ, ಸೀಟಿನ ಮೇಲೆ ಸಾರಂಗದ ಚರ್ಮ ಹಾಸಿತ್ತು. ದೀಪಗಳು ಹಳೆಯ ಬಲ್ಬಿನವು, ಬೆಣ್ಣೆ ಬಣ್ಣದ ಮಬ್ಬು ಬೆಳಕು. ರಾತ್ರಿಯಿಡೀ ಪುಡಿಹಿಮ ಬಿದ್ದಿತ್ತು, ಇನ್ನೂ ಬೀಳುತ್ತಲೇ ಇತ್ತು. ಕೂಡುದಾರಿ ದಾಟಿತು. ಸೇತುವೆ ದಾಟಿತು. ಚರ್ಚಿನ ಊರು ದಾಟಿ ದೊಡ್ಡ ರಸ್ತೆಗೆ ಬಿದ್ದರು. ಮರದ ಲಾರಿಯೊಂದು ಮುಂದೆ ಹೋಗುತ್ತ ಬಹಳ ದೂರ ಹಿಮ ಎರಚಿತು.

“ಏನೇ ಅದು ಗೊಣಗಾಟ?” ತೌನೊ ಕೇಳಿದ. “ಪ್ರಾರ್ಥನೆ ಮಾಡ್ತಿದೀಯ? ನನ್ನ ಗಾಡಿ ಓಡಿಸೋದು ಅಷ್ಟೊಂದು ಕೆಟ್ಟದಾಗಿಲ್ಲ ಕಣೇ.”

“ಏಳು,” ಅಂದಳು ಹೆಲ್ವಿ.

“ಏನು ಏಳು?”

“ಗೂಟ. ಏಳು ಕಾಣ್ತಿದೆ.”

“ಕಾಣ್ದೆ ಏನು? ನೆಟ್ಟಿರೋದೇ ಕಾಣ್ಲಿ ಅಂತ.”

“ನೀನು ಸುಮ್ನಿರು.” ಅವಳು ಮುಂದಕ್ಕೆ ಬಾಗಿ ಮತ್ತೆ ಎಣಿಸಿದಳು. ತಿರುವು ಬಂತು, ಮುಗಿಯಿತು, ನೇರ ರಸ್ತೆ ಬಂತು. ಏಳು. ಅರವತ್ತು ಕಿಲೋಮೀಟರು ಬಂದಿದ್ದರು. ಅವಳ ಲೆಕ್ಕದಲ್ಲಿ ಇಷ್ಟು ಹೊತ್ತಿಗೆ ಕಣ್ಣು ದಣಿದು ನೆಲಕಚ್ಚಿರಬೇಕಿತ್ತು. ಎಡಗಣ್ಣು ಮುಚ್ಚಿ ನೋಡಿದಳು. ಏಳು. ಬಲಗಣ್ಣು ಮುಚ್ಚಿದಳು. ಏಳೇ.

“ನಂಗೇನು ಕಣ್ಣು ಹೊಡೀತಿದೀಯೇನೆ ಈ ವಯಸ್ಸಲ್ಲಿ?” ಎಂದ ತೌನೊ.

ಅವಳು ನಗಲಿಲ್ಲ. “ಎಲ್ಲಾದ್ರೂ ನಿಲ್ಲಿಸು. ನಿನ್ನ ಗಾಡಿಯ ಮೂತಿ ನೋಡ್ಬೇಕು.”

ಪೆಟ್ರೋಲ್ ಬಂಕು ಮುಂದೆಯೇ ಇತ್ತು. ಪಕ್ಕದಲ್ಲಿ ಕಾಫಿ ಅಂಗಡಿ, ಅದರ ಹಿಂದೆ ವೇಸಾ ಎಂಬವನ ಗ್ಯಾರೇಜು. ತೌನೊ ನಿಲ್ಲಿಸಿ ಇಳಿದು, ಹಿಂಬದಿಗೆ ಹೋಗಿ, ಹಿಮ ಕಟ್ಟಿದ ಕೆಂಪು ದೀಪಗಳನ್ನು ಕೈಗವಸಿನಿಂದ ಒರೆಸಿದ. ಪಕ್ಕದಲ್ಲಿ ನಿಂತಿದ್ದ ಯಾರದೋ ಹೊಸ ಕಾರನ್ನು ಹಾದು ಅಂಗಡಿಗೆ ಹೋಗುವಾಗ ಅದರ ಮುಂದಿನ ದೀಪಗಳನ್ನೂ ಒರೆಸಿದ, ಮಾತಾಡುತ್ತಲೇ, ಅತ್ತ ನೋಡದೆ. ಬೇರೆಯವರ ಗಾಡಿಯ ದೀಪ ಕಟ್ಟಿದ್ದರೆ ಹಾದು ಹೋಗುವವನ ಕೈ ಒರೆಸಿಯೇ ಹೋಗುತ್ತದೆ. ಈ ಕಡೆಯ ಹಳಬರಲ್ಲಿ ಅದು ಬಾಗಿಲು ಮುಚ್ಚಿ ಬರುವಷ್ಟೇ ಸಹಜ.

ಹೆಲ್ವಿ ಅಲ್ಲೇ ನಿಂತುಬಿಟ್ಟಳು. ಪಿಕಪ್ಪಿನ ಮುಂದಿನ ಗಾಜುದೀಪಗಳು ಒದ್ದೆಯಾಗಿ, ನೀರು ತೊಟ್ಟಿಕ್ಕುತ್ತ, ಬರಿದಾಗಿದ್ದವು. ಅವಳು ಕೈಗವಸು ತೆಗೆದು ಮುಟ್ಟಿದಳು. ಕಾಫಿ ಬಟ್ಟಲಿನಷ್ಟು ಬಿಸಿ. ಆಮೇಲೆ ಹೊಸ ಕಾರಿನ ದೀಪ ಮುಟ್ಟಿದಳು. ಅದು ಉರಿಯುತ್ತಿತ್ತು, ಆದರೆ ಬಾವಿಯ ಕಲ್ಲಿನಷ್ಟು ತಣ್ಣಗಿತ್ತು. ತೌನೊವಿನ ಕೈ ಪೂರ್ತಿ ತಲುಪದ ಮೂಲೆಯಲ್ಲಿ ಎರಡು ಬೆರಳು ದಪ್ಪ ಹಿಮ ಇನ್ನೂ ಅಂಟಿಕೊಂಡು, ಒಳಗಿನ ಬೆಳಕಿಗೆ ಹಾಲುಗಾಜಿನ ಹಾಗೆ ಹೊಳೆಯುತ್ತಿತ್ತು.

“ತೌನೊ,” ಎಂದು ಕರೆದಳು. “ನಿನ್ನೆ ನೀನು ಬಂದಾಗ ನನ್ನ ಕಾರಿನ ದೀಪ ಒರೆಸಿದ್ಯಾ?”

“ಇಲ್ಲ. ಯಾಕೆ?”

“ಈಗ ಇದನ್ನ ಒರೆಸಿದ್ಯಲ್ಲ.”

“ಯಾವುದನ್ನ?” ಅವನು ಕಾರನ್ನು ನೋಡಿದ. ತನ್ನ ಕೈ ನೋಡಿಕೊಂಡ. ಕೈಗವಸಿನ ಅಂಗೈಯಲ್ಲಿ ಬೂದು ಹಿಮ ಮೆತ್ತಿಕೊಂಡಿತ್ತು. ಅದನ್ನು ಕೊಡವಿದ. “ನಿನ್ನೆ ಕೈಗವಸು ಒಲೆ ಮೇಲೆ ಹಾಕಿದ್ದೆ,” ಎಂದ ನಿಧಾನವಾಗಿ. “ಬಲಗೈದು ಸಂಜೆವರೆಗೂ ಒಣಗಿರಲಿಲ್ಲ. ಎಡಗೈದು ಒಣಗಿತ್ತು. ಯಾಕಪ್ಪಾ ಅಂದ್ಕೊಂಡೆ.”

“ಎಷ್ಟು ದಪ್ಪ ಇತ್ತು?”

“ಅದು ಕೈಗೆ ಗೊತ್ತು, ನಂಗೆ ಗೊತ್ತಿಲ್ಲ. ಸಾರಂಗ ನೋಡ್ತಿದ್ದೆ ಕಣೇ ನಾನು.”

ಒಳಗೆ ಕಾಫಿ ಅಂಗಡಿಯಲ್ಲಿ ವೇಸಾನೂ ಒಬ್ಬ ಮರದ ಲಾರಿಯ ಚಾಲಕನೂ ಕೂತಿದ್ದರು. ಹೆಲ್ವಿ ಬಟ್ಟಲು ಹಿಡಿದುಕೊಂಡು ನೇರ ಅವರ ಮೇಜಿಗೆ ಹೋದಳು.

“ವೇಸಾ, ಎಲ್‌ಇಡಿ ದೀಪ ಬಿಸಿಯಾಗಲ್ವೇನೋ?”

“ಆಗುತ್ತೆ. ಹಿಂದ್ಗಡೆ,” ಎಂದ ವೇಸಾ, ಅನ್ನ ತುಂಬಿದ ಕಡುಬು ಮುರಿಯುತ್ತ. “ಮುಂದ್ಗಡೆ ಬೆಳಕು ಮಾತ್ರ ಬರುತ್ತೆ. ಒಲೆ ಕೊಟ್ಟಿಗೇಲಿ ಇಟ್ಟು ಮನೇಲಿ ಮಲಗಿದ ಹಾಗೆ.”

“ಹಾಗಾದ್ರೆ ಗಾಜಿನ ಮೇಲಿನ ಹಿಮ?”

“ಕೂತ್ಕೊಳತ್ತೆ. ಯಾರು ಓಡಿಸ್ಬೇಕು ಅದನ್ನ? ಹಳೇ ಬಲ್ಬು ಕರೆಂಟು ತಿಂದು ಅರ್ಧ ಬಿಸಿಗೇ ಹಾಳು ಮಾಡ್ತಿತ್ತು. ಆ ಹಾಳೇ ನಮ್ಮನ್ನ ಕಾಯ್ತಿತ್ತು.”

“ಅದೇ ನಾನೂ ಹೇಳೋದು,” ಎಂದು ಲಾರಿಯವನು ನಡುವೆ ಬಾಯಿ ಹಾಕಿದ. “ಬಿಸಿ ಇಲ್ಲದ ದೀಪ ಚಳಿಗಾಲಕ್ಕೆ ದೀಪವೇ ಅಲ್ಲ. ನಂದಕ್ಕೆ ದೀಪದ ಗಾಜಲ್ಲೇ ಬಿಸಿ ಮಾಡೋ ತಂತಿ ಇದೆ.”

“ನಿಂದು ಹಿಮ ಎರಚೋ ಗಾಡಿ, ನಿನಗ್ಯಾಕೆ ತಂತಿ? ಹಿಂದೆ ಬರೋರಿಗೆ ಬೇಕು,” ಎಂದ ತೌನೊ.

“ಎಲ್ರಿಗೂ ಬೇಕಾಗಿಲ್ಲ,” ಎಂದ ವೇಸಾ. “ಪಟ್ಟಣದಲ್ಲಿ ಹತ್ತು ನಿಮಿಷ ಓಡ್ಸೋರಿಗೆ ಯಾಕೆ? ಒದ್ದೆ ಹಿಮ ಜಾರಿ ಹೋಗುತ್ತೆ, ಬರೀ ಚಳಿಗೆ ಏನೂ ಆಗಲ್ಲ. ಪುಡಿಹಿಮ, ಮುಂದೆ ಲಾರಿ, ಅರ್ಧ ಗಂಟೆ ದಾರಿ, ಈ ಮೂರೂ ಸೇರಿದ್ರೆ ಮಾತ್ರ ಬೇಕು.”

“ನಮ್ಮ ದಾರಿಗೆ ಮೂರೂ ಇದೆ,” ಅಂದಳು ಹೆಲ್ವಿ. “ನನ್ನ ಕಾರಲ್ಲಿ ಎಲ್ಲಾ ಬಿಸಿಯಾಗುತ್ತೆ. ಕುಂಡಿ ಇಡೋ ಜಾಗ ಕೂಡ. ದೀಪ ಮಾತ್ರ ಆಗಲ್ಲ ಅಂತ ಯಾರಿಗೆ ಹೊಳೆಯುತ್ತೆ?”

“ಕುಂಡಿ ಬಿಸಿ ಮಾಡಿದ್ರೆ ಕಾರು ಮಾರಾಟ ಆಗುತ್ತೆ ತಾಯಿ. ದೀಪ ಬಿಸಿ ಮಾಡಿದ್ರೆ ಯಾರೂ ಕೇಳಲ್ಲ.”

“ನೀನೇ ಹಾಕಿಕೊಡ್ತೀಯಾ?”

“ಹಾಕಬೋದು. ವರ್ಷದ ತಪಾಸಣೇಲಿ ಕೀಳಿಸ್ತಾರೆ. ಒಂದು ಬ್ರಷ್ ಇಟ್ಕೊ.”

ಹೆಲ್ವಿಯ ಕಾಫಿ ತಣ್ಣಗಾಗಿತ್ತು. ಅವಳು ಎಣಿಸಿ ನೋಡಿದಳು. ಆರು ವಾರ. ದಿನಕ್ಕೆ ಎರಡು ಸಲ ಹೋಗಿ ಎರಡು ಸಲ ಬರುವುದು; ಆ ನಾಲ್ಕರಲ್ಲಿ ಎರಡು ಸಲ ಮಕ್ಕಳು ಜೊತೆಗಿದ್ದರು. ಒಂದು ದಿನ ಇಳಿದು ಮುಂದಕ್ಕೆ ನಾಲ್ಕು ಹೆಜ್ಜೆ ನಡೆದು ನೋಡಿದ್ದರೆ ಸಾಕಿತ್ತು. ನೋಡಲಿಲ್ಲ. ಕಣ್ಣನ್ನು ಅನುಮಾನಿಸಿದವಳು ಕಣ್ಣಿನ ಮುಂದೆ ಇದ್ದದ್ದನ್ನು ಅನುಮಾನಿಸಲಿಲ್ಲ.

“ಕಣ್ಣಲ್ಲ, ತೌನೊ,” ಅಂದಳು. “ನಾನು ಒರೆಸಿರಲಿಲ್ಲ. ಅಷ್ಟಕ್ಕೇ ಮುಸಿಕ್ಕಿ ಹೋಯ್ತು.”

ತೌನೊ ರೊಟ್ಟಿಯ ಪೊಟ್ಟಣ ಬಿಚ್ಚುತ್ತಿದ್ದ. “ಕಣ್ಣು ಹೋಗಿದ್ರೆ ಏನು ಮಾಡ್ತಿದ್ದೆ? ಕೈಗಾದ್ರೆ ಬುದ್ಧಿ ಹೇಳಬೋದು.” ಒಂದು ತುಂಡು ಬಾಯಿಗಿಟ್ಟುಕೊಂಡ. “ಒಳ್ಳೇ ಸಾರಂಗ ಅದು. ಹನ್ನೊಂದು ವರ್ಷ ನನ್ನ ಮಾತು ಕೇಳ್ತು. ಈಗ ಇನ್ನೊಂದನ್ನ ಪಳಗಿಸ್ಬೇಕು, ಈ ಮಂಡಿ ಇಟ್ಕೊಂಡು.” ಅವನ ದನಿಯಲ್ಲಿ ಸಿಟ್ಟಿತ್ತು. ಅದನ್ನು ಅವನು ಬಚ್ಚಿಡಲಿಲ್ಲ, ಹೆಚ್ಚೂ ಮಾಡಲಿಲ್ಲ. “ಏಳು. ಡಾಕ್ಟ್ರು ಕಾಯಲ್ಲ.”

“ಇನ್ನು ಅಲ್ಲಿಗ್ಯಾಕೆ?”

“ನಿಮ್ಮಮ್ಮ ಕಾಫೀಗೆ ಬೆರಳಿಡೋದು ನಾನೂ ನೋಡಿದೀನಿ. ಏಳೇ.”

ಡಾಕ್ಟರು ಚಿಕ್ಕ ವಯಸ್ಸಿನವಳು. ಕಣ್ಣಿಗೆ ಹನಿ ಹಾಕಿ, ಗಾಳಿ ಊದಿ, ಅಕ್ಷರ ಓದಿಸಿದಳು. ಎಡಗಣ್ಣಿನ ಒತ್ತಡ ಮೇಲಿನ ಗೆರೆಯ ಹತ್ತಿರವಿದೆ, ದಾಟಿಲ್ಲ. ತಾಯಿಯ ಕತೆ ಗೊತ್ತಿರುವುದರಿಂದ ವರ್ಷಕ್ಕೊಮ್ಮೆ ಬರಬೇಕು. ಗಾಡಿ ಓಡಿಸಲು ಅಡ್ಡಿಯಿಲ್ಲ ಎಂದಳು. ಪೂರ್ತಿ ನಿಶ್ಚಿಂತೆಯ ಮಾತಲ್ಲ ಅದು. ಇವತ್ತಿಗೆ ಸಾಲುವ ಮಾತು.

ಹೊರಗಿನ ಬೆಂಚಿನಲ್ಲಿ ಕೂತು ಹೆಲ್ವಿ ಚೀಲದಿಂದ ಪಂಚಾಯಿತಿಗೆ ಬರೆದ ಪತ್ರ ತೆಗೆದಳು. ಹನಿಯ ದೆಸೆಯಿಂದ ಅಕ್ಷರ ಕಲಸಿದ ಹಾಗೆ ಕಾಣುತ್ತಿತ್ತು. ಬೇರೆ ಕಾಗದ ಇರಲಿಲ್ಲ. ಅದರ ಬೆನ್ನಿಗೇ ದೊಡ್ಡ ಅಕ್ಷರದಲ್ಲಿ ಬರೆದಳು: ‘ದೀಪದ ಮೇಲೆ ಹಿಮ ಕಟ್ಟಿತ್ತು. ನಾನು ಒರೆಸಿರಲಿಲ್ಲ. ಪಟ್ಟಿ ಸರಿಯಾಗಿತ್ತು.’ ಆಮೇಲೆ ಪಾಯ್ವಿಗೆ ಫೋನು ಮಾಡಿ ಓದಿ ಹೇಳಿದಳು.

“ಯಾರೂ ಕೇಳ್ತಿಲ್ಲವಲ್ಲ,” ಎಂದಳು ಪಾಯ್ವಿ. “ಕಾಣಲಿಲ್ಲ ಅಂತಿದ್ರೆ ಮುಗೀತು. ಒರೆಸಿರಲಿಲ್ಲ ಅಂದ್ರೆ ತಪ್ಪು ನಿಂದಾಗುತ್ತೆ.”

“ನಂದೇ.”

“ವಿಮೆಯೋರು ಪ್ರಶ್ನೆ ಕೇಳ್ತಾರೆ.”

“ಕೇಳ್ಲಿ. ಕಾಣಲಿಲ್ಲ ಅಂತ ನನ್ನ ಹೆಸರಿನ ಮೇಲೆ ಇರೋದು ಬೇಡ. ಹೊಡೆದು ಹಾಕಿ ಇದನ್ನ ಬರಿ.”

ಜನವರಿಯಲ್ಲಿ ಶಾಲೆ ಮತ್ತೆ ತೆರೆಯಿತು. ಹೆಲ್ವಿ ಈಗ ಮನೆಯಿಂದ ಹತ್ತು ನಿಮಿಷ ಮುಂಚೆ ಹೊರಡುತ್ತಿದ್ದಳು. ಕೂಡುದಾರಿಯಲ್ಲಿ ದಿಮ್ಮಿಯ ರಾಶಿಯ ಪಕ್ಕ ಕಾರು ನಿಲ್ಲಿಸಿ, ಕುದುರೆ ತಿಕ್ಕುವ ಬ್ರಷ್ಷನ್ನು ಹಿಡಿದು ಇಳಿಯುತ್ತಿದ್ದಳು.

“ಮತ್ತೆ ನಿಲ್ಸಿದ್ರು,” ಎಂದು ಹಿಂದಿನ ಸೀಟಿನಿಂದ ಒಬ್ಬ ಹುಡುಗಿ ಗೊಣಗಿದಳು. “ಬಾಗಿಲು ಹಾಕಿ, ಚಳಿ!”

ಮೈನಸ್ ಇಪ್ಪತ್ತೆರಡು. ದೀಪಗಳ ಮೇಲೆ ಹಿಮ ಕಲ್ಲಿನ ಹಾಗೆ ಕೂತಿತ್ತು. ಮೊದಲು ಎಡದ್ದು, ಆಮೇಲೆ ಬಲದ್ದು ಕೆರೆದಳು. ಬಿಳಿ ಬೆಳಕು ಒಮ್ಮೆಲೇ ಬಿಡುಗಡೆಯಾಗಿ ರಸ್ತೆಯುದ್ದ ಹಾಸಿಕೊಂಡಿತು. ಒಳಗೆ ಬಂದು ಕೂತು, ಬೆಲ್ಟು ಹಾಕಿಕೊಂಡು, ಎಣಿಸಿದಳು. ಏಳು ಗೂಟ. ಏಳನೆಯದರ ಪಕ್ಕದಲ್ಲಿ, ಸ್ವಲ್ಪ ಕೆಳಗೆ, ಎಂಟನೆಯದೊಂದು ಹೊಳೆಯಿತು.

ಗೂಟಗಳು ಅಲುಗುವುದಿಲ್ಲ. ಅದು ಅಲುಗಿತು.

ಹೆಲ್ವಿ ದೊಡ್ಡ ದೀಪ ಇಳಿಸಿ, ಗೇರು ಹಾಕದೆ, ಎರಡೂ ಕೈ ಬಿಸಿ ಸ್ಟೀರಿಂಗಿನ ಮೇಲೆ ಇಟ್ಟುಕೊಂಡು ಕಾದಳು. ತೌನೊ ಹೊಸದಾಗಿ ಪಳಗಿಸುತ್ತಿರುವ ಎಳೆಯ ಹಿಮಸಾರಂಗ ರಸ್ತೆಯ ನಡುವೆ ನಿಂತು, ಇತ್ತ ನೋಡಿ, ಅವಸರವಿಲ್ಲದೆ ದಾಟಿತು. ಅದರ ಹಿಂದೆ ಪಟ್ಟಿಯಿಲ್ಲದ ಹದಿನಾಲ್ಕು ದಾಟಿದವು.